ಯಾರಿಗೂ ಗೊತ್ತಿಲ್ಲದ ಬೆಟ್ಟ

ಶುಕ್ರವಾರ ಸಂಜೆ ಐದರ ಹೊತ್ತಿಗೆ ನಮ್ಮ ಆಫೀಸಿನ ಟ್ರೆಕ್ಕಿಂಗ್ ಗ್ರೂಪಿಗೆ ಜೀವ ಬರುತ್ತೆ. ವಾರವೆಲ್ಲ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಇರದ ಗ್ರೂಪು ಅದು. ಶುಕ್ರವಾರ ಮಾತ್ರ ಯಾರಾದರೂ ಒಬ್ಬರು ಒಂದು ಪಟ್ಟಿ ತಂದು ಹಾಕ್ತಾರೆ, ಇಪ್ಪತ್ತು ಜನ ಹೆಬ್ಬೆರಳು ಎತ್ತುತ್ತಾರೆ, ಭಾನುವಾರ ಬೆಳಗ್ಗೆ ಮೂರು ಜನ ನಿಜವಾಗಿಯೂ ಹೊರಡುತ್ತಾರೆ. ಹೋದ ತಿಂಗಳು ಬಂದ ಪಟ್ಟಿಯ ತಲೆಬರಹ, ಬೆಂಗಳೂರಿನಿಂದ ನೂರು ಕಿಲೋಮೀಟರ್ ಒಳಗೆ ಯಾರಿಗೂ ಗೊತ್ತಿಲ್ಲದ ಹತ್ತು ಬೆಟ್ಟಗಳು ಅಂತ. ಏಳನೆಯದು ನಮ್ಮೂರಿನ ಬೆಟ್ಟ.

ಕುಣಿಗಲ್ ಕಡೆಯದು ಅಂತ ಮಾತ್ರ ಹೇಳ್ತೀನಿ, ಹೆಸರು ಬರೆಯಲ್ಲ. ಹೆಸರು ಬರೆದು ಒಂದು ಸಲ ಕೆಟ್ಟಿದ್ದೇನೆ, ಆ ಕಥೆ ಮುಂದೆ ಬರುತ್ತೆ. ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ, “ನಮ್ ಬೆಟ್ಟ ಯಾರಿಗೂ ಗೊತ್ತಿಲ್ವಂತೆ ಕಣವ್ವ” ಅಂದೆ. ಅವ್ವ ಮದುವೆಯಾಗಿ ಬಂದ ವರ್ಷದಿಂದ ಸೌದೆಗೆ ಅಂತ ಹತ್ತಿದ ಬೆಟ್ಟ ಅದು. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. “ಯಾರಿಗೂ ಅಂದ್ರೆ ಯಾರಿಗಂತೆ?” ಅಂದಳು.

ಸಿನಿಮಾಕ್ಕೆ ವಿಮರ್ಶೆ ಇದೆ, ಪುಸ್ತಕಕ್ಕಿದೆ, ಫೋನಿಗಿದೆ, ಮಸಾಲೆ ದೋಸೆಗೂ ಇದೆ. ನಂಬಿಕೊಂಡು ಹೋಗಿ ಕಾಲು ಮುರಿದುಕೊಳ್ಳಬಹುದಾದ ಈ ಬರಹಕ್ಕೆ ಮಾತ್ರ ಯಾರೂ ವಿಮರ್ಶೆ ಬರೆದಿದ್ದನ್ನು ನಾನು ಕಂಡಿಲ್ಲ. ಅವ್ವನ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದುಕೊಂಡು ಒಂದಿಪ್ಪತ್ತು ಚಾರಣ ಟಿಪ್ಪಣಿಗಳನ್ನು ಕೂತು ಓದಿದೆ. ನನ್ನದೇ ಒಂದು ಹಳೇ ಟಿಪ್ಪಣಿಯೂ ಅದರಲ್ಲಿ ಸೇರಿತ್ತು.

ಓದಿದಾಗ ಕಣ್ಣಿಗೆ ಹೊಡೆಯುವುದು ವಿಶೇಷಣಗಳು. ಬೆಟ್ಟ ರಮಣೀಯ, ಗಾಳಿ ತಂಪು, ನೋಟ ಅದ್ಭುತ, ದಾರಿ ಸುಲಭದಿಂದ ಮಧ್ಯಮ. ಈ ‘ಸುಲಭದಿಂದ ಮಧ್ಯಮ’ ಅನ್ನೋದು ಯಾರ ಅಳತೆ? ದಿನಾ ಹತ್ತು ಕಿಲೋಮೀಟರ್ ಓಡುವವನಿಗಾ, ಎಂಟು ಗಂಟೆ ಕೂತು ಬೆನ್ನು ಹಿಡಿದುಕೊಂಡಿರುವ ನನ್ನಂಥವನಿಗಾ? ಯಾವ ತಿಂಗಳಲ್ಲಿ? ಬಂಡೆ ಒಣಗಿದ್ದಾಗಲಾ, ಮಳೆ ಬಂದ ಮಾರನೇ ದಿನವಾ? ದೋಸೆ ವಿಮರ್ಶೆ ಬರೆಯುವವರು ಕೂಡ ಚಟ್ನಿ ನೀರಾಗಿತ್ತಾ ಗಟ್ಟಿಯಾಗಿತ್ತಾ ಅಂತ ಹೇಳ್ತಾರೆ.

ಆಮೇಲೆ ಗಮನಿಸಿದ್ದು, ಈ ಬರಹಗಳೆಲ್ಲ ಹತ್ತುವುದರ ಬಗ್ಗೆ ಮಾತ್ರ ಇವೆ. ಹತ್ತೋದಕ್ಕೆ ನಾಲ್ಕು ಪ್ಯಾರಾ, ತುದಿಗೆ ಆರು ಫೋಟೊ. ಇಳಿಯೋದಕ್ಕೆ ಒಂದೇ ಸಾಲು, ಬಂದ ದಾರಿಯಲ್ಲೇ ವಾಪಸ್. ಕೆಲವರು ಅದನ್ನೂ ಬರೆದಿಲ್ಲ, ಸೂರ್ಯಾಸ್ತದ ಫೋಟೊ ಹಾಕಿ ಮುಗಿಸಿದ್ದಾರೆ. ಆ ಫೋಟೊ ತೆಗೆದವರು ತುದಿಯಲ್ಲಿ ನಿಂತಿದ್ದಾರೆ, ಸೂರ್ಯ ಮುಳುಗಿದ್ದಾನೆ, ಕಾರು ಮೂರು ಕಿಲೋಮೀಟರ್ ಕೆಳಗಿದೆ. ಮುಂದಿನ ಎರಡು ಗಂಟೆ ಏನಾಯ್ತು ಅನ್ನೋದು ಬರಹದಲ್ಲಿಲ್ಲ.

ನಮ್ಮ ಸುತ್ತಲಿನ ಬೆಟ್ಟಗಳಲ್ಲಿ ಇಳಿಯೋದೇ ನಿಜವಾದ ವಿಷಯ. ಮಾಗಡಿಯ ಸಾವನದುರ್ಗ ನೋಡಿ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ, ಬೃಹತ್ತಾದ ಏಕಶಿಲೆ. ಇಲ್ಲಿಂದ ರಾಮನಗರದ ಕಡೆಗೆ ಹಬ್ಬಿರುವ ಈ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಇಂಥ ಬಂಡೆ ಈರುಳ್ಳಿ ಹಾಗೆ ಪದರ ಪದರವಾಗಿ ಸಿಪ್ಪೆ ಬಿಡುತ್ತಾ ಬಿಡುತ್ತಾ ಬೋರಲು ಹಾಕಿದ ಬಟ್ಟಲಿನ ಆಕಾರಕ್ಕೆ ಬಂದಿರುತ್ತೆ. ಬೋರಲು ಬಟ್ಟಲಿನ ನೆತ್ತಿ ಮೇಲೆ ಒಂದು ಇರುವೆ ನಿಂತಿದೆ ಅಂದುಕೊಳ್ಳಿ. ಅದರ ಕಾಲಡಿ ನೆಲ ಸಮತಟ್ಟು. ನಾಲ್ಕು ಹೆಜ್ಜೆ ಮುಂದೆ ಸ್ವಲ್ಪ ಇಳಿಜಾರು, ಇನ್ನೂ ನಾಲ್ಕು ಹೆಜ್ಜೆಗೆ ಇನ್ನೂ ಸ್ವಲ್ಪ. ಬಟ್ಟಲಿನ ಅಂಚು ಗೋಡೆಯಂತೆ ನೆಟ್ಟಗಿರೋದು ಇರುವೆಗೆ ಕಾಣೋದೇ ಇಲ್ಲ. ಕಾಣೋ ಜಾಗಕ್ಕೆ ಬಂದಾಗ ಮುಂದೆ ಹೋಗೋಕೂ ಆಗಲ್ಲ, ತಿರುಗಿಕೊಳ್ಳೋಕೂ ಧೈರ್ಯ ಇರಲ್ಲ. ಕೆಳಗಿಂದ ಹತ್ತುವವನಿಗೆ ಕಷ್ಟದ ಭಾಗ ಮೊದಲೇ ಎದುರಾಗುತ್ತೆ, ಆಗಲ್ಲ ಅನ್ನಿಸಿದರೆ ಅಲ್ಲೇ ನಿಲ್ಲಬಹುದು. ಮೇಲಿಂದ ಇಳಿಯುವವನಿಗೆ ಅದು ಕೊನೆಯಲ್ಲಿ ಸಿಗುತ್ತೆ. ಅದಕ್ಕೇ ಇಂಥ ಬೆಟ್ಟದಲ್ಲಿ ಗೊತ್ತಿಲ್ಲದ ಕಡೆಯಿಂದ ಹತ್ತೋದಕ್ಕಿಂತ ಗೊತ್ತಿಲ್ಲದ ಕಡೆಗೆ ಇಳಿಯೋದು ಹೆಚ್ಚು ಅಪಾಯ. ಮಳೆನೀರು ಹರಿದು ಕಪ್ಪು ಪಟ್ಟೆ ಬಿದ್ದಿರುತ್ತಲ್ಲ, ಅದು ಒಣಗಿದ್ದಾಗ ಏನೂ ಮಾಡಲ್ಲ, ಒದ್ದೆಯಾದರೆ ಸೋಪು.

2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬ್ರಹ್ಮಗಿರಿ ಬದಿಯಲ್ಲಿ ಜಾರಿಬಿದ್ದ ವಿದ್ಯಾರ್ಥಿಯೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ನಂದಿಬೆಟ್ಟ! ಮೇಲಿನವರೆಗೆ ಟಾರು ರಸ್ತೆ ಇರುವ, ಮಧುಚಂದ್ರಕ್ಕೆ ಹೋಗುವ ಬೆಟ್ಟದ ಪಕ್ಕದಲ್ಲೇ ಇಷ್ಟು. ಇನ್ನು ಏಳನೇ ನಂಬರಿನ ಬೆಟ್ಟಕ್ಕೆ ಹೆಲಿಕಾಪ್ಟರ್ ಬರುತ್ತಾ? ನಮ್ಮೂರಿಗೆ ಬಸ್ಸೇ ದಿನಕ್ಕೆ ಮೂರು ಸಲ.

ಈಗ ನನ್ನ ಟಿಪ್ಪಣಿ. ಬರೆದದ್ದು 2021ರ ಜನವರಿಯಲ್ಲಿ. ಲಾಕ್‌ಡೌನಿನಲ್ಲಿ ಊರಲ್ಲೇ ಕೂತು ಕೆಲಸ ಮಾಡ್ತಿದ್ದೆ, ಮನೆ ಹಿಂದಿನ ಬೆಟ್ಟ ಹದಿನೈದು ವರ್ಷದ ಮೇಲೆ ಮತ್ತೆ ಹತ್ತಿದ್ದೆ, ಮನಸ್ಸು ತುಂಬಿತ್ತು. ಎರಡು ಪುಟ ಬರೆದು, ಫೋನಿನಲ್ಲಿ ದಾಖಲಾಗಿದ್ದ ಜಿಪಿಎಕ್ಸ್ ಫೈಲ್ ಜೊತೆಗೆ ಸೇರಿಸಿ ಆಫೀಸಿನ ಗ್ರೂಪಿಗೆ ಹಾಕಿದೆ. ಚೆನ್ನಾಗಿ ಬರೆದಿದ್ದೆ ಅಂತ ಈಗಲೂ ಅನ್ನಿಸುತ್ತೆ, ಅದೇ ತೊಂದರೆ. ಬೆಳಗಿನ ಮಂಜು, ದೊಣೆಯ ನೀರಿನಲ್ಲಿ ಆಕಾಶ, ಅಜ್ಜ ದನ ಕಾಯುತ್ತಿದ್ದ ನೆನಪು, ಎಲ್ಲ ಇತ್ತು. ಒಟ್ಟು ಆರು ಕಿಲೋಮೀಟರ್, ಮುನ್ನೂರು ಮೀಟರ್ ಏರು, ಎರಡು ಗಂಟೆ ಸಾಕು ಅಂತ ಬರೆದಿದ್ದೆ.

2022ರ ನವೆಂಬರಿನಲ್ಲಿ ಬೇರೆ ಟೀಮಿನ ನಾಲ್ಕು ಜನ, ಇಬ್ಬರು ಹುಡುಗರು ಇಬ್ಬರು ಹುಡುಗಿಯರು, ಆ ಫೈಲ್ ಹಾಕಿಕೊಂಡು ಹೊರಟರು. ನನಗೆ ಹೇಳಿರಲಿಲ್ಲ. ಯಾಕೆ ಹೇಳಬೇಕು, ಎಲ್ಲ ಬರೆದಿದ್ದೆನಲ್ಲ. ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಹತ್ತೋಕೆ ಶುರು ಮಾಡಿದ್ದಾರೆ. ಎರಡು ಗಂಟೆ ಸಾಕಲ್ಲ! ತುದಿ ಮುಟ್ಟಿದಾಗ ನಾಲ್ಕೂಕಾಲು. ಒಂದು ಗಂಟೆ ಫೋಟೊ. ನವೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಆರಕ್ಕೆ ಹತ್ತು ನಿಮಿಷ ಇರೋವಾಗ ಮುಳುಗ್ತಾನೆ, ಆಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಕತ್ತಲು. ಅವರು ಫೋನಿನ ಗೆರೆ ಹಿಡಿದು ಇಳಿದರು. ನನ್ನ ಗೆರೆ.

ಗೆರೆ ಅನ್ನೋದು ಏನು ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಜಿಪಿಎಕ್ಸ್ ಫೈಲಿನಲ್ಲಿ ದಾರಿ ಇರಲ್ಲ, ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಗೂ ಅಕ್ಷಾಂಶ, ರೇಖಾಂಶ, ಎತ್ತರ, ಹೊತ್ತು. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆಯೋದು ಆ್ಯಪು. ನಾನು ಇಳಿಯುವಾಗ ಬ್ಯಾಟರಿ ಕಮ್ಮಿಯಾಗಿ ಫೋನು ಉಳಿತಾಯದ ಮೋಡಿಗೆ ಹೋಗಿತ್ತು. ಆಮೇಲೆ ಫೈಲ್ ಬಿಚ್ಚಿ ನೋಡಿದರೆ ಎರಡು ಚುಕ್ಕೆಗಳ ನಡುವೆ ಹನ್ನೊಂದು ನಿಮಿಷದ ಖಾಲಿ. ಆ ಹನ್ನೊಂದು ನಿಮಿಷದಲ್ಲಿ ನಾನು ಎಡಗಡೆ ಕೊರಕಲಿಗೆ ಇಳಿದು, ಸೀಗೆಮೆಳೆ ಬಳಸಿಕೊಂಡು, ದನ ತಿರುಗುವ ಜಾಡಿಗೆ ಬಂದಿದ್ದೆ. ಚಿಕ್ಕಂದಿನಿಂದ ಹಾಗೇ ಇಳಿದು ಅಭ್ಯಾಸ, ಕಾಲು ತಾನೇ ಹೋಗಿತ್ತು, ಅದನ್ನು ಬರೆಯಬೇಕು ಅಂತ ಕೂಡ ಹೊಳೆದಿರಲಿಲ್ಲ. ಆ್ಯಪು ಮಾತ್ರ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ನೆಟ್ಟಗೆ ಗೆರೆ ಎಳೆದಿತ್ತು, ಬೋಳು ಬಂಡೆಯ ಮೇಲೆ. ನಾನು ನಡೆಯದ ದಾರಿಯನ್ನು ನನ್ನ ಹೆಸರಿನಲ್ಲಿ ಆ್ಯಪು ನಡೆದಿತ್ತು.

ಕೆಲಸದಲ್ಲಿ ಕೋಡ್ ರಿವ್ಯೂ ಮಾಡುವಾಗ, ಈ ಡೇಟಾ ಬರದಿದ್ದರೆ ಏನಾಗುತ್ತೆ, ಆ ಸರ್ವರ್ ಉತ್ತರ ಕೊಡದಿದ್ದರೆ ಏನು ಮಾಡ್ತೀಯ ಅಂತ ಜೂನಿಯರುಗಳ ತಲೆ ತಿನ್ನುವವನು ನಾನು. ನನ್ನ ಟಿಪ್ಪಣಿಯಲ್ಲಿ ಒಂದೇ ಒಂದು ‘ಹಾಗಾಗದಿದ್ದರೆ’ ಇರಲಿಲ್ಲ.

ಏಳೂವರೆಗೆ ಫೋನ್ ಬಂತು. ಬಂಡೆಯ ಅರ್ಧದಲ್ಲಿ ಕೂತಿದ್ದಾರೆ, ಒಬ್ಬಳ ಪಾದ ಉಳುಕಿದೆ, ಒಂದು ಫೋನಿನಲ್ಲಿ ಮಾತ್ರ ಚಾರ್ಜು, ಅದೂ ಎಂಟು ಪರ್ಸೆಂಟು, ಅದರಲ್ಲೇ ಟಾರ್ಚು ಹಾಕಿಕೊಂಡಿದ್ದಾರೆ. ಮೊದಲು ಟಾರ್ಚು ಆರಿಸಿ ಅಂದೆ. ಇರುವಲ್ಲೇ ಇರಿ, ಯಾರೂ ಒಂದು ಹೆಜ್ಜೆ ಇಡಬೇಡಿ, ಚಿಕ್ಕಪ್ಪನನ್ನು ಕಳಿಸ್ತೀನಿ, ಅರ್ಧ ಗಂಟೆಗೊಂದು ಸಲ ಮಾತ್ರ ಫೋನ್ ಆನ್ ಮಾಡಿ. ಆಮೇಲೆ ನಾನು ಬೆಂಗಳೂರಿನ ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದೆ. ನನಗೆ ಮಾಡಲು ಬೇರೇನೂ ಇರಲಿಲ್ಲ.

ಚಿಕ್ಕಪ್ಪ ಮತ್ತೆ ಇಬ್ಬರು, ಟಾರ್ಚು, ಹಗ್ಗ, ಒಂದು ತಮಟೆ ತಗೊಂಡು ಹೋದರು. ತಮಟೆ ಯಾಕೆ ಅಂದ್ರೆ ಅದು ಎಲಚಿಹಣ್ಣಿನ ಕಾಲ. ಕತ್ತಲಾದ ಮೇಲೆ ಎಲಚಿಗೆ ಕರಡಿ ಬರುತ್ತೆ, ಊರಿನವರು ಆ ತಿಂಗಳುಗಳಲ್ಲಿ ಐದರ ಮೇಲೆ ಆ ಬದಿಗೆ ಹೋಗಲ್ಲ. ಇದೂ ನನಗೆ ಗೊತ್ತಿತ್ತು. ಇದೂ ಬರೆದಿರಲಿಲ್ಲ. ರಾತ್ರಿ ಹತ್ತಕ್ಕೆ ಎಲ್ಲರೂ ನಮ್ಮನೆ ಜಗಲಿ ಮೇಲಿದ್ದರು. ಅವ್ವ ಬಿಸಿನೀರು ಕಾಯಿಸಿಕೊಟ್ಟು, ಮುದ್ದೆ ಉಪ್ಸಾರು ಹಾಕಿದಳಂತೆ. ಅದರಲ್ಲಿ ಒಬ್ಬ ಹುಡುಗ ಮುದ್ದೆಯನ್ನು ಅಗಿದು ತಿಂದದ್ದು ನಮ್ಮೂರಲ್ಲಿ ಇವತ್ತಿಗೂ ತಮಾಷೆಯ ವಿಷಯ.

ಮಾರನೇ ದಿನ ಚಿಕ್ಕಪ್ಪ ಫೋನ್ ಮಾಡಿದರು. “ದಾರಿ ನೀನೇ ಬರ್ದುಕೊಟ್ಟಿದ್ದಂತಲ್ಲಪ್ಪ.”

“ಹೂಂ ಚಿಕ್ಕಪ್ಪ.”

“ನಾವ್ಯಾವತ್ತೂ ಅಲ್ಲಿ ಇಳಿದಿಲ್ವಲ್ಲ.”

ಅಷ್ಟೇ ಹೇಳಿದ್ದು. ಬೈದಿದ್ದರೆ ವಾಸಿ ಇತ್ತು.

ಇದಾದ ಮೇಲೆ ನಾನು ಊರಿಗೆ ಹೋದಾಗಲೆಲ್ಲ ಜನ ದಾರಿ ಹೇಳುವುದನ್ನು ಕಿವಿಗೊಟ್ಟು ಕೇಳೋಕೆ ಶುರು ಮಾಡಿದೆ. ಒಂದು ಸಲ ಬೆಟ್ಟದ ಬುಡದಲ್ಲಿ ಕುರಿ ಕಾಯುವವರೊಬ್ಬರು ತುಮಕೂರಿನಿಂದ ಬಂದ ಹುಡುಗರಿಗೆ ಹೇಳ್ತಿದ್ದರು: “ಹುಣಸೆಮರದ ತಾವ ಎಡಕ್ಕೆ ಹೊಡ್ಕಳಿ. ಒಂದು ಬೀಡಿ ಸೇದೋವಷ್ಟೊತ್ತು ನಡೆದ್ರೆ ದೊಣೆ ಸಿಗ್ತದೆ. ದೊಣೆ ಸಿಗ್ನಿಲ್ಲ ಅಂದ್ರೆ ಮೇಲ್ಗಡೆ ಜಾಡಿಗೆ ಬಿದ್ದಿದ್ದೀರಿ ಅಂತ ಲೆಕ್ಕ. ಮುಂದ್ಕೋಗ್ಬೇಡಿ, ಮರದ ತಾಕೇ ಬಂದ್ಬುಡಿ.”

ನಾಲ್ಕು ಮಾತು. ಇದರಲ್ಲಿ ವಿಶೇಷಣ ಒಂದೂ ಇಲ್ಲ. ದೂರವನ್ನು ಹೊತ್ತಿನಲ್ಲಿ ಹೇಳಿದ್ದಾರೆ. ಮುಖ್ಯವಾಗಿ, ದಾರಿ ತಪ್ಪಿದ್ದೀರಿ ಅಂತ ನಿಮಗೆ ಗೊತ್ತಾಗುವುದು ಹೇಗೆ, ಗೊತ್ತಾದಾಗ ಎಲ್ಲಿಗೆ ವಾಪಸ್ ಬರಬೇಕು ಅನ್ನೋದು ಇದೆ. ಇಪ್ಪತ್ತು ಟಿಪ್ಪಣಿ ಓದಿದೆ ಅಂದೆನಲ್ಲ, ಅದರಲ್ಲಿ ಒಂದರಲ್ಲೂ ಈ ಮಾತಿಲ್ಲ. ಎಲ್ಲವೂ ಸರಿಯಾಗಿ ನಡೆದವನ ದಾರಿ. ಬರೆದವನಿಗೆ ದಾರಿ ಸಿಕ್ಕಿತ್ತು, ಅದಕ್ಕೇ ಬರೆಯೋಕೆ ಕೂತ. ಓದುವವನಿಗೆ ಬೇಕಾಗಿರುವುದು ದಾರಿ ಸಿಗದಿದ್ದಾಗಿನ ಬರಹ.

ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರಿಗೆ ನೆನಪಿರುತ್ತೆ, ಹಾರುವ ಓತಿಯನ್ನು ಹುಡುಕಿ ಹೊರಡುವ ಆ ಕಾಡಿನ ಪಯಣ ಮಂದಣ್ಣ ಇಲ್ಲದೆ ಹೊರಡೋದೇ ಇಲ್ಲ. ಕರ್ವಾಲೊ ದೊಡ್ಡ ವಿಜ್ಞಾನಿ, ಆದರೂ ಓತಿಯನ್ನು ಕಣ್ಣಾರೆ ಕಂಡವನು ಮಂದಣ್ಣ ಅನ್ನೋದನ್ನು ಮರೆಯಲ್ಲ. ನಮ್ಮ ಚಾರಣ ಟಿಪ್ಪಣಿಗಳಲ್ಲಿ ಮಂದಣ್ಣ ಬಂದರೆ ಫೋಟೊದಲ್ಲಿ ಬರ್ತಾನೆ. ತಲೆಗೆ ಟವೆಲ್ ಸುತ್ತಿದ ಮುದುಕ, ಹಿಂದೆ ಸೂರ್ಯ, ಕೆಳಗೆ ‘ಸರಳ ಬದುಕು’ ಅಂತ ಒಂದು ಸಾಲು. ಅವನು ಏನು ಹೇಳಿದ ಅನ್ನೋದು ಇರಲ್ಲ.

ಹಾಗಂತ ಹಳ್ಳಿಯವರು ಹೇಳಿದ್ದೆಲ್ಲ ವೇದವಾಕ್ಯ ಅಂತ ನಾನು ಹೇಳಲ್ಲ, ಅವರ ಮಧ್ಯೆಯೇ ಬೆಳೆದವನು. ‘ಇಲ್ಲೇ’ ಅಂದರೆ ಒಂದು ಫರ್ಲಾಂಗೂ ಆಗಬಹುದು, ನಾಲ್ಕು ಮೈಲಿಯೂ ಆಗಬಹುದು. ಅವರ ಅರ್ಧ ಗಂಟೆ ನಿಮ್ಮ ಒಂದೂವರೆ ಗಂಟೆ. ಇನ್ನೊಂದು ವಿಷಯ ಯಾರೂ ಗಮನಿಸಲ್ಲ. ಒಂದು ಊರಿನವರಿಗೆ ಬೆಟ್ಟದ ತಮ್ಮ ಬದಿ ಮಾತ್ರ ಗೊತ್ತಿರುತ್ತೆ. ನಮ್ಮೂರಿನ ದನ ಆಚೆ ಬದಿಗೆ ಹೋಗಲ್ಲ, ಹಾಗಾಗಿ ನಮ್ಮೂರಿನವರೂ ಹೋಗಲ್ಲ. ಶ್ರಾವಣದ ಶನಿವಾರ ಮೇಲಿನ ದೇವರಿಗೆ ಹೋಗ್ತಾರೆ, ಹೋದ ದಾರಿಯಲ್ಲೇ ಬರ್ತಾರೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಆಸೆ ಪೇಟೆಯವರದು. ಆ ಆಸೆ ಇದ್ದರೆ ಎರಡೂ ಊರಿನಲ್ಲಿ ಕೇಳಬೇಕು.

ಕೇಳೋದೂ ಸುಲಭ ಅಲ್ಲ ಅಂತ ನಮ್ಮ ಟೀಮಿನ ಹುಡುಗಿಯೊಬ್ಬಳು ನನ್ನ ತಲೆಗೆ ಹಾಕಿದಳು. ಈ ಲೇಖನದ ಮೊದಲ ಕರಡು ಓದಿ, “ನೀವು ಬರೆದಿರೋದೂ ಗಂಡಸಿನ ಟಿಪ್ಪಣಿನೇ ಸರ್” ಅಂದಳು. ಬೆಟ್ಟದ ಬುಡದಲ್ಲಿ ಭಾನುವಾರ ಮಧ್ಯಾಹ್ನ ಕುಡಿಯೋಕೆ ಕೂರುವ ಗುಂಪು ಇರುತ್ತಾ? ಮೂತ್ರಕ್ಕೆ ಹೋಗೋಕೆ ಮರೆ ಎಲ್ಲಿದೆ? ದಾರಿ ಕೇಳಿದವರೇ ಹಿಂದೆ ಬಂದರೆ? ಗಾಡಿ ನಿಲ್ಲಿಸುವ ಜಾಗದ ಪಕ್ಕ ಮನೆ ಇದೆಯಾ, ಆ ಮನೆಯಲ್ಲಿ ಹೆಂಗಸರಿದ್ದಾರಾ? ಈ ಪ್ರಶ್ನೆಗಳಲ್ಲಿ ಒಂದಕ್ಕೂ ನನ್ನ ಹತ್ತಿರ ಬರೆದ ಉತ್ತರ ಇರಲಿಲ್ಲ. ಅವಳು ಹೊಸ ಬೆಟ್ಟಕ್ಕೆ ಹೋದರೆ ಮೊದಲು ಊರೊಳಗಿನ ಅಂಗಡಿಗೆ ಹೋಗ್ತಾಳಂತೆ, ಬಿಸ್ಕತ್ತು ತಗೊಂಡು ಅಂಗಡಿಯ ಅಕ್ಕನನ್ನೋ ಅಜ್ಜಿಯನ್ನೋ ಮಾತಾಡಿಸಿ, ಇಷ್ಟೊತ್ತಿಗೆ ವಾಪಸ್ ಬಂದು ಇಲ್ಲೇ ಟೀ ಕುಡೀತೀವಿ ಅಂತ ಹೇಳಿ ಹೋಗ್ತಾಳೆ. ಆ ಅಜ್ಜಿಗೆ ಒಂದು ಲೆಕ್ಕ ಸಿಕ್ಕಂತಾಯಿತು, ಇಷ್ಟು ಜನ ಹೋದರು, ಇನ್ನೂ ಬಂದಿಲ್ಲ ಅಂತ. ಇದಕ್ಕಿಂತ ಒಳ್ಳೇ ಅಲಾರಂ ಯಾವ ಆ್ಯಪಿನಲ್ಲೂ ಇಲ್ಲ.

ಈ ಬರಹಗಳಲ್ಲಿ ನನಗೆ ನಿಜವಾಗಿ ಸಿಟ್ಟು ಬರಿಸುವ ಸಾಲು ಒಂದಿದೆ: ಅನುಮತಿ ಬೇಕಿಲ್ಲ. ಗೇಟಿನಲ್ಲಿ ಯಾರೂ ತಡೆಯಲಿಲ್ಲ ಅನ್ನೋದನ್ನು ಅನುಮತಿ ಬೇಕಿಲ್ಲ ಅಂತ ಬರೆದುಬಿಡ್ತಾರೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗೋದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಎಷ್ಟೋ ಜನ ‘ಶೋಲೆ’ ಬಂಡೆ ಹುಡುಕಿಕೊಂಡು ದಾರಿ ಬಿಟ್ಟು ಹತ್ತುತ್ತಾರೆ. ಅದು 2012ರಿಂದ ರಣಹದ್ದುಗಳ ಧಾಮ. ದೊಡ್ಡಬಳ್ಳಾಪುರದಾಚೆಯ ಮಾಕಳಿದುರ್ಗದ ಬಗ್ಗೆ ಬರೆಯುವವರು, ರೈಲು ಹಳಿ ಮೇಲೆ ನಡೆದುಕೊಂಡು ಹೋಗಿ, ಚೆಂದ ಇರುತ್ತೆ ಅಂತಾರೆ. ಹಳಿ ಮೇಲೆ ನಡೆಯೋದು ರೈಲ್ವೆ ಕಾಯ್ದೆಯಲ್ಲಿ ಅತಿಕ್ರಮ ಪ್ರವೇಶ. ಕಾಯ್ದೆ ಬಿಡಿ, ತಿರುವಿನಲ್ಲಿ ರೈಲು ಬರುತ್ತೆ. ಕನಕಪುರದ ಬಿಳಿಕಲ್ ರಂಗಸ್ವಾಮಿ ಬೆಟ್ಟ ಆನೆ ಓಡಾಡುವ ಸೀಮೆ. ಅಲ್ಲಿ ‘ಏಕಾಂತ’ ಅಂತ ಬರೆದಿದ್ದನ್ನು ಓದಿದಾಗ ಆನೆಗೂ ಹಾಗೇ ಅನ್ನಿಸಿರಬೇಕು ಅಂದುಕೊಂಡೆ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಇರುವೆ ಸಾಲಿನ ಹಾಗೆ ನಿಂತ ವಿಡಿಯೊ ನೋಡಿದ್ದೀರಿ. ಅದಾದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಆಮೇಲೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಿಗಿ ಮಾಡಿತು. ಚಿಕ್ಕಬಳ್ಳಾಪುರದ ಸ್ಕಂದಗಿರಿಗೆ ಈಗ ಹಾಗೆ ಬುಕ್ ಮಾಡಿಕೊಂಡೇ ಹೋಗಬೇಕು. ಇದನ್ನು ಬೈಯುವವರು ನಮ್ಮ ಗ್ರೂಪಿನಲ್ಲಿ ಬಹಳ. ನನಗಂತೂ ದಿನಕ್ಕೆ ಇಷ್ಟೇ ಜನ ಅನ್ನೋದು ಸರಿ ಅನ್ನಿಸುತ್ತೆ. ಆದರೆ ಅದರ ಒಂದು ಪರಿಣಾಮ ಯಾರೂ ಯೋಚಿಸಿದ ಹಾಗಿಲ್ಲ. ಬುಕಿಂಗ್ ಸಿಗದವರೆಲ್ಲ ಏಳನೇ ನಂಬರಿನ ಬೆಟ್ಟಕ್ಕೆ ಬರ್ತಾರೆ. ಅಲ್ಲಿ ಗೇಟೂ ಇಲ್ಲ, ಗೈಡೂ ಇಲ್ಲ, ಚಿಕ್ಕಪ್ಪ ಇದ್ದಾರೆ.

ಹಾಗಾದ್ರೆ ಒಳ್ಳೇ ಟಿಪ್ಪಣಿ ಹೇಗಿರಬೇಕು ಅಂತ ನೀವು ಕೇಳಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟನ್ನು ಒಂದು ಸಲ ತೆಗೆದು ನೋಡಿ, ಐವತ್ತು ಸಾವಿರಕ್ಕೆ ಒಂದರ ಅಳತೆಯದು. ಎಷ್ಟೋ ಹಾಳೆಗಳು ಇಲಾಖೆಯ ತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಅದನ್ನು ಮಾಡಿದವರಿಗೆ ನೀವು ಬೆಟ್ಟ ಹತ್ತಬೇಕು ಅಂತ ಯಾವ ಆಸೆಯೂ ಇಲ್ಲ. ಬಾವಿ ಎಲ್ಲಿದೆ, ಗುಡಿ ಎಲ್ಲಿದೆ, ಬಂಡಿದಾರಿ ಎಲ್ಲಿ ಮುಗಿದು ಕಾಲುದಾರಿ ಶುರುವಾಗುತ್ತೆ, ಮೀಸಲು ಅರಣ್ಯದ ಗಡಿ ಯಾವುದು, ಎತ್ತರದ ಗೆರೆಗಳು ಎಲ್ಲಿ ಒತ್ತಿಕೊಂಡಿವೆ. ಗೆರೆ ಒತ್ತಾಗಿದ್ದರೆ ಕಡಿದು, ಬಿಡಿಯಾಗಿದ್ದರೆ ಸಲೀಸು. ನನ್ನ ಆ ಹನ್ನೊಂದು ನಿಮಿಷದ ಜಾಗದಲ್ಲಿ ಆ ಗೆರೆಗಳು ಒಂದರ ಮೇಲೊಂದು ಬಿದ್ದಿವೆ. ಒಂದೇ ಒಂದು ಸಲ ನೋಡಿದ್ದರೂ ನನ್ನ ಫೈಲ್ ಸುಳ್ಳು ಹೇಳ್ತಿದೆ ಅಂತ ಗೊತ್ತಾಗ್ತಿತ್ತು. ಆದರೆ ಈ ಹಾಳೆಗಳು ಹಳೆಯವು, ಹೊಸ ಕಲ್ಲುಕ್ವಾರಿ ಅದರಲ್ಲಿರಲ್ಲ, ಬೇಲಿ ಇರಲ್ಲ, ಲಂಟಾನ ಮುಚ್ಚಿಹಾಕಿದ ಜಾಡು ಇನ್ನೂ ಜಾಡಾಗಿಯೇ ಇರುತ್ತೆ. ಹಾಳೆ ನೋಡಿಕೊಂಡು ಹೋಗಿ ಕುರಿ ಕಾಯುವವರನ್ನು ಕೇಳಬೇಕು, ಎರಡೂ ಬೇಕು.

ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವವರು 1892ರಲ್ಲೇ ಒಂದು ಸೂತ್ರ ಕೊಟ್ಟಿದ್ದಾರೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ನಮ್ಮ ಬೆಟ್ಟಕ್ಕೆ ಒಂದು ಗಂಟೆ ನಲವತ್ತು ನಿಮಿಷ ಚಿಲ್ಲರೆ. ನನ್ನ ‘ಎರಡು ಗಂಟೆ’ ಸರಿಯೇ ಇತ್ತಲ್ಲ ಅಂತ ಒಂದು ಕ್ಷಣ ಸಮಾಧಾನ ಆಯ್ತು. ಆದರೆ ಅದು ಗಟ್ಟಿಮುಟ್ಟಾದವರು ನಿಲ್ಲದೆ ನಡೆಯುವ ಲೆಕ್ಕ. ಅದರಲ್ಲಿ ಲಂಟಾನ ಇಲ್ಲ, ಸೆಲ್ಫಿ ಇಲ್ಲ, ಹೊಸ ಶೂ ಕಚ್ಚೋದಿಲ್ಲ. ನಾನೀಗ ಅದನ್ನು ಎರಡೂವರೆಯಿಂದ ಗುಣಿಸ್ತೀನಿ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮುಂಚೆ, ತುದಿ ಸಿಗಲಿ ಬಿಡಲಿ, ತಿರುಗಿಬಿಡಬೇಕು. ತುದಿ ಇಪ್ಪತ್ತೇ ಹೆಜ್ಜೆ ದೂರ ಇದ್ದರೂನಾ ಅಂತ ಕೇಳಿದ್ರು ಒಬ್ಬರು. ಹೌದು, ಆಗಲೂ.

ಟಿಪ್ಪಣಿಯನ್ನು ಮತ್ತೆ ಬರೆದೆ. ಈ ಸಲ ಎರಡು ಪುಟ ಅಲ್ಲ, ಮುಕ್ಕಾಲು ಪುಟ. ಮಂಜು ತೆಗೆದೆ, ಅಜ್ಜನ್ನ ತೆಗೆದೆ, ದೊಣೆಯನ್ನು ಇಟ್ಟುಕೊಂಡೆ, ಆಕಾಶವನ್ನು ತೆಗೆದೆ. ಹತ್ತಿದ ದಾರಿಯಲ್ಲೇ ಇಳಿಯಬೇಕು, ಯಾವ ಗೆರೆ ಏನೇ ಹೇಳಲಿ. ಬೆಳಗ್ಗೆ ಏಳಕ್ಕೆ ಮುಂಚೆ, ಸಂಜೆ ನಾಲ್ಕರ ಮೇಲೆ ಬೆಟ್ಟದ ಮೇಲಿರಬಾರದು. ನವೆಂಬರಿನಿಂದ ಜನವರಿವರೆಗೆ ಎಲಚಿ, ಕರಡಿ. ಹುಣಸೆಮರದಿಂದ ಹತ್ತು ನಿಮಿಷಕ್ಕೆ ದೊಣೆ ಸಿಗದಿದ್ದರೆ ಮರಕ್ಕೆ ವಾಪಸ್. ಬಲಗಡೆ ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟುತ್ತೆ, ಸೆಂಟು ಬಳಿದುಕೊಂಡು ಬರಬೇಡಿ, ಹೊಗೆ ಹಾಕಬೇಡಿ. ತಲೆಗೊಂದರಂತೆ ಟಾರ್ಚು, ಫೋನಿನದ್ದು ಲೆಕ್ಕಕ್ಕಿಲ್ಲ. ತಲೆಗೆ ಮೂರು ಲೀಟರ್ ನೀರು, ದೊಣೆಯದು ಕುಡಿಯೋಕಲ್ಲ. ಫೋನಿನ ಸಿಗ್ನಲ್ಲು ತುದಿಯಲ್ಲಿದೆ, ಕೊರಕಲಿನಲ್ಲಿಲ್ಲ. ಸಿಕ್ಕರೆ 112. ಯಾರಿಗಾದರೂ ಏಟಾದರೆ ಅಲ್ಲೇ ಕೂರಿ.

ಇದನ್ನು ಗ್ರೂಪಿಗೆ ಹಾಕಲಿಲ್ಲ. ಕೇಳಿದವರಿಗೆ ಕೊಡ್ತೀನಿ, ಜೊತೆಗೆ ಚಿಕ್ಕಪ್ಪನ ನಂಬರು. ಕೊಡುವ ಮುಂಚೆ ಚಿಕ್ಕಪ್ಪನ ಒಪ್ಪಿಗೆ ಕೇಳೋಕೆ ಫೋನ್ ಮಾಡಿ ಇಡೀ ಮುಕ್ಕಾಲು ಪುಟ ಓದಿಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಮೂರು ಲೀಟರ್ ನೀರು ಹೊರೋದ್ಯಾರು, ಎರಡು ಅಂತ ಬರಿ, ಹೊರಲ್ಲ ಅಂತ ಗೊತ್ತಾದ್ರೆ ಒಂದೂ ತರಲ್ಲ ಅಂದರು. ತಿದ್ದಿದೆ. ಆಮೇಲೆ, “ಹತ್ತೋವಾಗ ಹೇಳ್ನಿಲ್ಲ ಅಂದ್ರೂ ಚಿಂತಿಲ್ಲ, ಗಾಡಿ ಕಾಣ್ತದೆ. ಇಳಿದ್ಮ್ಯಾಕೆ ಒಂದು ಫೋನ್ ಮಾಡೋಕ್ಕೇಳು” ಅಂದರು. ಅದನ್ನು ಕೊನೆಯ ಸಾಲಾಗಿ ಸೇರಿಸಿದೆ, ದಪ್ಪ ಅಕ್ಷರದಲ್ಲಿ.

ಹೋದ ಭಾನುವಾರ ಮೂರು ಹುಡುಗರು ಹೋಗಿದ್ದರು. ಎಲ್ಲ ಸರಿಯಾಗಿ ಮಾಡಿದ್ದಾರೆ. ಬೆಳಗ್ಗೆ ಏಳೂವರೆಗೆ ಹತ್ತಿ, ಹನ್ನೆರಡಕ್ಕೆ ಇಳಿದು, ಕುಣಿಗಲ್ ಹೋಟೆಲಿನಲ್ಲಿ ಊಟ ಮಾಡಿ, ಮೂರಕ್ಕೆಲ್ಲ ಬೆಂಗಳೂರು ಸೇರಿ ಗ್ರೂಪಿಗೆ ಫೋಟೊ ಹಾಕಿದ್ದರು. ನಾನೂ ಹೆಬ್ಬೆರಳು ಎತ್ತಿದ್ದೆ. ರಾತ್ರಿ ಎಂಟಕ್ಕೆ ಅವ್ವನ ಫೋನು. ಆ ಹುಡುಗರು ಇಳಿದ ಮೇಲೆ ಫೋನ್ ಮಾಡೋದು ಮರೆತಿದ್ದಾರೆ. ಗಾಡಿ ಹೋದದ್ದನ್ನು ಚಿಕ್ಕಪ್ಪ ನೋಡಿಲ್ಲ, ಗದ್ದೆಯಲ್ಲಿದ್ದರು. ಆರೂವರೆ ತನಕ ಕಾದು, ಟಾರ್ಚು ತಗೊಂಡು ಬೆಟ್ಟದ ಕಡೆ ಹೋಗಿದ್ದಾರೆ.

“ಎಲ್ರೂ ಇಳಿದವ್ರೆ ಅವ್ವ, ಮಧ್ಯಾಹ್ನನೇ” ಅಂದೆ.

“ಅದ್ನ ಅವರಿಗೆ ಹೇಳು. ಫೋನು ಮನೇಲೇ ಬಿಟ್ಟೋಗವ್ರೆ.”